ಅಂಪೈರ್ ಇಲ್ಲದ ನೀರಿನಲ್ಲಿ ಎರಡು ಸುತ್ತು

13 ಜುಲೈ 2025, ಭಾನುವಾರ
ಮುನಿರಾಬಾದ್, ಕೊಪ್ಪಳ ಜಿಲ್ಲೆ

ಆಷಾಢದ ಗಾಳಿ. ಪಡುವಣದಿಂದ ಹಿನ್ನೀರಿನ ಉದ್ದಕ್ಕೂ ಬೀಸಿ, ಅಲೆಗಳನ್ನು ಅಣೆಕಟ್ಟಿನ ಕಡೆಗೇ ತಳ್ಳುತ್ತಿದೆ. ನೀರೂ ಇದೆ, ಗಾಳಿಯೂ ಇದೆ, ಆದರೆ ನಮ್ಮ ಕಡೆ ಕಣ್ಣಿಗೆ ಬೀಳುವುದು ಹರಿಗೋಲು. ಹಾಯಿದೋಣಿ ಪಂದ್ಯ ನೋಡಬೇಕೆಂದರೆ ರಾಯಚೂರು ದಾಟಿ ಹೈದರಾಬಾದಿನ ಹುಸೇನ್ ಸಾಗರಕ್ಕೆ ಹೋಗಬೇಕು. ಹಾಗೆ ಮೊದಲ ಸಲ ನೋಡಲು ಹೋದವರು ಕೇಳುವುದು ಒಂದೇ ಮಾತು: "ಅಂಪೈರ್ ಎಲ್ಲಿ ಅದಾನ್ರಿ?"

ಎಲ್ಲ ದೋಣಿಗಳೂ ಒಟ್ಟಿಗೆ ಓಡುವ ಸಾಮಾನ್ಯ ಫ್ಲೀಟ್ ರೇಸಿನಲ್ಲಿ ದೋಣಿ-ದೋಣಿ ನಡುವಿನ ತಕರಾರಿಗೆ ಅಂಪೈರ್ ಇರುವುದಿಲ್ಲ. ಜ್ಯೂರಿ (ತೀರ್ಪುಗಾರರ) ದೋಣಿಯಲ್ಲಿ ಕೂತವರು ಮುಖ್ಯವಾಗಿ ನೋಡುವುದು 42ನೇ ನಿಯಮವನ್ನು, ಅಂದರೆ ಯಾರಾದರೂ ಮೈ ಅಲ್ಲಾಡಿಸಿ, ಹಾಯಿ ಜಗ್ಗಿ ದೋಣಿ ಓಡಿಸುತ್ತಿದ್ದಾರೆಯೇ ಎಂಬುದನ್ನು. ಸಿಕ್ಕಿಬಿದ್ದರೆ ಹಳದಿ ಬಾವುಟ: ಮೊದಲ ಸಲ ದಂಡವಾಗಿ ದೋಣಿಯನ್ನು ಎರಡು ಸುತ್ತು ತಿರುಗಿಸಬೇಕು, ಅದೇ ಕೂಟದಲ್ಲಿ ಎರಡನೇ ಸಲವಾದರೆ ಆ ರೇಸಿನಿಂದಲೇ ಹೊರಗೆ. ಉಳಿದದ್ದೆಲ್ಲ ಸ್ಪರ್ಧಿಗಳ ಮೇಲೆ. ವರ್ಲ್ಡ್ ಸೇಲಿಂಗ್ ಸಂಸ್ಥೆಯ 2025–2028ರ ನಿಯಮಪುಸ್ತಕ ಇದನ್ನು ಆರಂಭದಲ್ಲೇ ಮೂಲತತ್ವವೆಂದು ಹೇಳಿಬಿಡುತ್ತದೆ: ನಿಯಮ ಮುರಿದ ದೋಣಿ ತಡಮಾಡದೆ ತಾನೇ ದಂಡ ತೆಗೆದುಕೊಳ್ಳಬೇಕು, ಅಗತ್ಯವಿದ್ದರೆ ಪಂದ್ಯ ಬಿಡಬೇಕು. ಕ್ರಿಕೆಟ್‌ನಲ್ಲಿ ಬ್ಯಾಟಿನ ಅಂಚು ತಾಗಿದ್ದಕ್ಕೆ ತಾನಾಗಿಯೇ ಹೊರನಡೆಯುವುದು ದೊಡ್ಡತನ. ಇಲ್ಲಿ ಅದು ಬರೀ ನಿಯಮಪಾಲನೆ.

ಲೆಕ್ಕ ಹೀಗೆ. ಪೋರ್ಟ್ ಟ್ಯಾಕ್‌ನಲ್ಲಿ (ಎಡಬದಿಯಿಂದ ಗಾಳಿ) ಬಂದು ಸ್ಟಾರ್‌ಬೋರ್ಡ್ (ಬಲಬದಿಯಿಂದ ಗಾಳಿ) ದೋಣಿಗೆ ದಾರಿ ಬಿಡದಿದ್ದರೆ, ಮಾರ್ಕ್ (ಬಳಸಿ ಹೋಗಬೇಕಾದ ಗುರುತು) ಹತ್ತಿರ ಒಳಗಿನ ದೋಣಿಗೆ ಜಾಗ ಕೊಡದಿದ್ದರೆ ಎರಡು ಸುತ್ತು. ಮಾರ್ಕ್ ಬೋಯ್‌ಗೆ ತಾಗಿದರೆ ಒಂದೇ ಸುತ್ತು. ಒಂದೇ ಘಟನೆಯಲ್ಲಿ ಎರಡೂ ಆದರೆ ಎರಡು ಸುತ್ತಷ್ಟೇ ಸಾಕು, ಮೂರಲ್ಲ. ಯಾರಿಗಾದರೂ ಗಾಯವಾಗಿದ್ದರೆ, ದೋಣಿಗೆ ಭಾರೀ ಹಾನಿಯಾಗಿದ್ದರೆ, ಅಥವಾ ಸುತ್ತು ಹಾಕಿದ ಮೇಲೂ ಆ ತಪ್ಪಿನಿಂದ ದೊಡ್ಡ ಲಾಭ ಉಳಿದಿದ್ದರೆ ಸುತ್ತಿಗೆ ಬೆಲೆಯಿಲ್ಲ, ಪಂದ್ಯವನ್ನೇ ಬಿಡಬೇಕು. ಹಳಬರು ಈಗಲೂ ಎರಡು ಸುತ್ತಿಗೆ "720 ಹೊಡಿ" ಎನ್ನುತ್ತಾರೆ, ಆದರೆ ನಿಯಮ ಡಿಗ್ರಿ ಎಣಿಸುವುದಿಲ್ಲ. ಒಂದೇ ದಿಕ್ಕಿನಲ್ಲಿ ತಿರುಗಬೇಕು, ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್ (ದೋಣಿಯ ಮೂತಿ ಗಾಳಿಯನ್ನು ಹಾಯುವ ತಿರುವು), ಒಂದು ಜೈಬ್ (ಹಿಂಬದಿ ಗಾಳಿಯನ್ನು ಹಾಯುವ ತಿರುವು) ಇರಬೇಕು. ಮಾರ್ಕ್ ತಾಗಿದವರು ಅದರಿಂದ ದೂರ ಸರಿದ ಮೇಲೆ, ಅದನ್ನು ಬಳಸುವ ತಿರುವಿನಲ್ಲೇ ಟ್ಯಾಕ್ ಮತ್ತು ಜೈಬ್ ಎರಡೂ ಬಂದರೆ ಅದನ್ನೇ ದಂಡವಾಗಿ ಲೆಕ್ಕಕ್ಕೆ ಹಿಡಿಯಬಹುದು. ಬೇರೆ ದೋಣಿಗಳಿಂದ ದೂರವಿರಬೇಕು, ಅದರಿಂದ ಲಾಭವಾಗಿರಬಾರದು, ಅಷ್ಟೇ.

ಈ ದಂಡವನ್ನು ಹೇಳುವ 44ನೇ ನಿಯಮದಲ್ಲಿ ಗಮನಿಸಬೇಕಾದ ಮಾತು "ಮುರಿದಿರಬಹುದಾದಾಗ". ಮುರಿದಾಗ ಎಂದಿಲ್ಲ. ಸುತ್ತು ಹಾಕಿದರೆ ತಪ್ಪೊಪ್ಪಿಕೊಂಡಂತಾಗುತ್ತದೆಂದು ಹೊಸಬರು ಹಿಂಜರಿಯುತ್ತಾರೆ. ಅನುಮಾನವಿದ್ದರೂ ಹಾಕಬಹುದು, ಹಾಕುವುದೇ ಜಾಣತನ. 20 ದೋಣಿಗಳ ಪಂದ್ಯದಲ್ಲಿ 5ನೆಯವರು ಸುತ್ತು ಹಾಕಿ 8ನೆಯವರಾದರು ಎನ್ನೋಣ, 8 ಅಂಕ. ಹಾಕದೆ ಸಾಗಿ, ಎದುರಾಳಿಯ ದೂರಿನ ಮೇಲೆ ಸಂಜೆ ನಡೆಯುವ ವಿಚಾರಣೆಯಲ್ಲಿ ಸೋತು ಅನರ್ಹರಾದರೆ, ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು, 21 ಅಂಕ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ತಪ್ಪು ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಸಾಗಿದ್ದು ಸಾಬೀತಾದರೆ ನ್ಯಾಯಯುತ ಆಟದ 2ನೇ ನಿಯಮ ಬರುತ್ತದೆ. ಆಗ ಸಿಗುವ ಅನರ್ಹತೆಯನ್ನು ಸರಣಿಯ ಕೆಟ್ಟ ಅಂಕವೆಂದು ಕೈಬಿಡಲಿಕ್ಕೂ ಆಗದು.

ನಿಯಮಕ್ಕಿಂತ ಹೆಚ್ಚು ಎಡವುವುದು ಸುತ್ತು ಹಾಕುವ ಕೈಕೆಲಸದಲ್ಲಿ. ಗಾಳಿಗೆದುರಾಗಿ ಏರುವ ಹಾದಿಯಲ್ಲಿ, ಐಎಲ್‌ಸಿಎ ತರಹದ, ಒಬ್ಬರೇ ನಡೆಸುವ ದೋಣಿಯಲ್ಲಿ, ಮೊದಲು ಹಿಂದೆ ನೋಡಿ, ಬೂಮ್ (ಹಾಯಿಯ ತಳದ ಅಡ್ಡಕಂಬ) ಕೆಳಗಿನಿಂದಲೂ ನೋಡಿ, ದಟ್ಟಣೆಯಿಂದ ಹೊರಗೆ ಬರಬೇಕು. ದಂಡ ತೆಗೆದುಕೊಳ್ಳುತ್ತಿರುವ ದೋಣಿ ಉಳಿದವರಿಗೆ ದಾರಿ ಬಿಡಬೇಕು. ಸುತ್ತುವಾಗ ಇನ್ನೊಬ್ಬರಿಗೆ ಅಡ್ಡ ಬಂದರೆ ಮೇಲೊಂದು ದಂಡ. ಹೊರಬಂದ ಮೇಲೆ ವ್ಯಾಂಗ್ (ಬೂಮನ್ನು ಕೆಳಕ್ಕೆ ಹಿಡಿಯುವ ಹಗ್ಗ) ಸಡಿಲಿಸಿ, ಮೇನ್‌ಶೀಟ್ (ಹಾಯಿ ಎಳೆಯುವ ಹಗ್ಗ) ಉದ್ದಕ್ಕೆ ಬಿಟ್ಟು, ಗಾಳಿ ಬರುವ ಬದಿಗೆ ಮೈ ವಾಲಿಸಿದರೆ ದೋಣಿ ತಾನಾಗಿ ಕೆಳಗೆ, ಅಂದರೆ ಗಾಳಿಯಿಂದ ಆಚೆಗೆ, ತಿರುಗುತ್ತದೆ. ಶೀಟ್ ಬಿಗಿಯಾಗಿದ್ದರೆ ಚುಕ್ಕಾಣಿ ಎಷ್ಟು ಎಳೆದರೂ ತಿರುಗದು, ಅದು ಬ್ರೇಕ್ ಹಾಕುತ್ತದೆ ಅಷ್ಟೆ. ಜೈಬ್‌ನಲ್ಲಿ ಬೂಮ್ ದಾಟುವ ಕ್ಷಣಕ್ಕೆ ಶೀಟನ್ನು ಒಂದು ಸಲ ಜಗ್ಗಬೇಕು. ಇಲ್ಲದಿದ್ದರೆ ಅದು ದೋಣಿಯ ಹಿಂಬದಿ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಶೀಟ್ ಎಳೆಯುತ್ತಾ ಮೇಲಕ್ಕೆ ಏರಿ ಟ್ಯಾಕ್. ವೇಗವಿಲ್ಲದೆ ಟ್ಯಾಕ್‌ಗೆ ಹೋದರೆ ಮೂತಿ ಗಾಳಿಗೆ ಸಿಕ್ಕು ದೋಣಿ ನಿಂತು, ಹಿಂದಕ್ಕೆ ಜಾರುತ್ತದೆ. ಇದೇ ಕ್ರಮ ಮತ್ತೊಮ್ಮೆ.

ಗಾಳಿ ಬೆನ್ನಿಗಿರುವಾಗ ಡ್ಯಾಗರ್‌ಬೋರ್ಡ್ (ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಮೇಲೆತ್ತಿರುತ್ತಾರೆ. ಸುತ್ತಿಗೆ ಮುಂಚೆ ಅದನ್ನು ಇಳಿಸಲೇಬೇಕು. ಮರೆತರೆ ಬೂಮ್ ಅಥವಾ ವ್ಯಾಂಗ್ ಬೋರ್ಡಿಗೆ ತಗುಲಿ ದೋಣಿ ಮಗುಚುತ್ತದೆ.

ಎಣಿಕೆಗೆ ಸುಲಭದ ದಾರಿ: ಎರಡು ಸುತ್ತಿನಲ್ಲಿ ಬೂಮ್ ತಲೆಯ ಮೇಲೆ ನಾಲ್ಕು ಸಲ ದಾಟಬೇಕು. ಟ್ಯಾಕ್‌ನಿಂದ ಶುರುಮಾಡಿದವರು ಟ್ಯಾಕ್, ಜೈಬ್, ಟ್ಯಾಕ್ ಆದ ಕೂಡಲೇ ಮುಗಿಯಿತೆಂದು ಹೊರಟುಬಿಡುತ್ತಾರೆ. ಮೂರೇ ಆಯಿತು, ದಂಡ ಅಪೂರ್ಣ. ಜೈಬ್‌ನಿಂದ ಶುರುಮಾಡಿದರೆ ಕೊನೆಯದು ಟ್ಯಾಕ್, ನೇರ ಏರುಹಾದಿಗೇ ಬಂದು ಬೀಳಬಹುದು. ಕೆಳಗೆ ಜಾಗವಿದ್ದರೆ ನನ್ನ ಆಯ್ಕೆ ಅದೇ.

ತಡಮಾಡುವುದು ಇನ್ನೊಂದು ಕಾಯಿಲೆ. "ಮುಂದಿನ ಮಾರ್ಕ್ ಆದ ಮೇಲೆ ಹಾಕ್ತೀನಿ" ಎನ್ನುವಂತಿಲ್ಲ. ಘಟನೆಯಾದ ಮೇಲೆ ಸಾಧ್ಯವಾದಷ್ಟು ಬೇಗ ಹೊರಬಂದು, ತಕ್ಷಣ ಹಾಕಬೇಕು. ಸ್ಟಾರ್ಟ್‌ಗೆ ನಾಲ್ಕು ನಿಮಿಷ ಮುಂಚಿನ ಸಿದ್ಧತಾ ಸಂಕೇತದಿಂದಲೇ ದೋಣಿ ಪಂದ್ಯದಲ್ಲಿದೆ ಎಂದು ಲೆಕ್ಕ. ಆಗ ತಪ್ಪಾದರೆ ಆಗಲೇ ಸುತ್ತು, ಸ್ಟಾರ್ಟ್ ಆಗುವವರೆಗೆ ಕಾಯುವುದಲ್ಲ. ಮುಕ್ತಾಯದ ಗೆರೆ ಹತ್ತಿರ ಸುತ್ತು ಹಾಕಿದರೆ, ಇಡೀ ದೋಣಿ ಗೆರೆಯ ಪಂದ್ಯದ ಬದಿಗೆ ಮರಳಿ ಆಮೇಲೆ ದಾಟಬೇಕು.

ತಪ್ಪಿಗೆ ಗುರಿಯಾದವರ ಪಾಲೂ ಇದೆ. "ಪ್ರೊಟೆಸ್ಟ್!" ಎಂದು ಕೂಡಲೇ ಕೂಗಬೇಕು. ಆರು ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಗಾದರೆ ಕೆಂಪು ಬಾವುಟವೂ ಬೇಕು. ಐಎಲ್‌ಸಿಎ 4.23 ಮೀಟರ್, ಮಕ್ಕಳ ದೋಣಿ ಆಪ್ಟಿಮಿಸ್ಟ್ ಇನ್ನೂ ಚಿಕ್ಕದು, ಅವಕ್ಕೆ ಕೂಗೇ ಸಾಕು. ಬರೀ ಬೈದರೆ ಪ್ರೊಟೆಸ್ಟ್ ಆಗುವುದಿಲ್ಲ.

ನೀರಿನಲ್ಲಿ ದಂಡ ತೆಗೆದುಕೊಳ್ಳದೆ ದಡಕ್ಕೆ ಬಂದ ಮೇಲೆ ಮನಸ್ಸು ಬದಲಾದವರಿಗೂ ಕೆಲವು ಕೂಟಗಳಲ್ಲಿ ಬಾಗಿಲು ತೆರೆದಿರುತ್ತದೆ. ಪಂದ್ಯದ ಸೂಚನೆಗಳಲ್ಲಿ ಅವಕಾಶವಿದ್ದರೆ, ವಿಚಾರಣೆ ಶುರುವಾಗುವ ಮುಂಚೆ 30 ಪ್ರತಿಶತ ಅಂಕದಂಡ ಒಪ್ಪಿಕೊಳ್ಳಬಹುದು. ಮುಗಿಸದ ದೋಣಿಗೆ ಸಿಗುವ 21ರ 30 ಪ್ರತಿಶತ 6.3, ಅಂದರೆ 6. ಅದೇ 5ನೇ ಸ್ಥಾನದವರಿಗೆ ಹಿಡಿದರೆ 11 ಅಂಕ. ನೀರಿನಲ್ಲೇ ಎರಡು ಸುತ್ತು ಹಾಕಿದ್ದರೆ 8 ಆಗುತ್ತಿತ್ತು.