ಟೈಪ್ ಒನ್ ಮಗುವಿಗೆ ಊಟ ಬಡಿಸುವ ಮೊದಲ ದಿನ

ಟೈಪ್ ಒನ್ ಡಯಾಬಿಟಿಸ್ (ಸಕ್ಕರೆ ಕಾಯಿಲೆ) ಎಂದು ಗೊತ್ತಾಗಿ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮಗುವಿಗೆ ಹಸಿವೋ ಹಸಿವು. ವಾರಗಟ್ಟಲೆ ತಿಂದದ್ದೆಲ್ಲ ಸಕ್ಕರೆಯಾಗಿ ಮೂತ್ರದಲ್ಲಿ ಹರಿದುಹೋಗಿದೆ, ಬಟ್ಟೆ ಸಡಿಲವಾಗಿದೆ. ಇನ್ಸುಲಿನ್ ಸಿಕ್ಕಿದ ಕೂಡಲೇ ಮೈ ಹಳೇ ಬಾಕಿ ವಸೂಲಿಗೆ ಇಳಿಯುತ್ತದೆ. ಮೂರು ಇಡ್ಲಿ ಮುಗಿಸಿ ನಾಲ್ಕನೆಯದಕ್ಕೆ ಕೈಚಾಚುತ್ತದೆ. ಸರಿಯಾಗಿ ಅದೇ ಹೊತ್ತಿಗೆ ದೊಡ್ಡವರೆಲ್ಲ ತಟ್ಟೆಯಿಂದ ಏನೇನು ತೆಗೆಯಬೇಕು ಎಂಬ ಚರ್ಚೆಯಲ್ಲಿರುತ್ತಾರೆ. ತಾತನ ಶುಗರ್ ಚಾರ್ಟ್ ಫ್ರಿಜ್ಜಿನ ಮೇಲೆ ಮೊದಲೇ ಅಂಟಿದೆ: ಅನ್ನ ಅರ್ಧ ಕಪ್, ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ.

ಆ ಚಾರ್ಟು ತಾತನದು, ತಾತನಿಗೇ ಇರಲಿ. ಅವರ ಮೈಯಲ್ಲಿ ಇನ್ಸುಲಿನ್ ಇದೆ, ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಮಗುವಿನ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಬಹುಪಾಲನ್ನು ದೇಹದ ರೋಗನಿರೋಧಕ ಶಕ್ತಿಯೇ ಕೊಂದುಹಾಕಿದೆ. ಸಿಹಿ ತಿಂದು ಬಂದದ್ದಲ್ಲ, ಸಿಹಿ ಬಿಟ್ಟರೆ ಹೋಗುವುದೂ ಅಲ್ಲ. ಇನ್ಸುಲಿನ್ ಸಿಗುವ ಮೊದಲು ಇಂಥ ಮಕ್ಕಳನ್ನು ನಾಲ್ಕು ದಿನ ಹೆಚ್ಚು ಬದುಕಿಸಲು ವೈದ್ಯರಿಗಿದ್ದ ದಾರಿ ಉಪವಾಸ ಕೆಡವುವುದೊಂದೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ 30 ಕಿಲೋ ಕೂಡ ಇರಲಿಲ್ಲ. ನೂರು ವರ್ಷದ ಹಿಂದಿನ ಆ ಪಥ್ಯವನ್ನು ಈಗ ಅಡುಗೆಮನೆಯಲ್ಲಿ ಮತ್ತೆ ಶುರುಮಾಡುವ ಅಗತ್ಯವಿಲ್ಲ. ಮಗು ಮನೆಯವರೆಲ್ಲ ತಿನ್ನುವುದನ್ನೇ ತಿನ್ನಬೇಕು, ಬೆಳೆಯಬೇಕು. ತಿಂದದ್ದರಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ರಕ್ತದಲ್ಲಿ ಸಕ್ಕರೆಯಾಗುವ ಪಿಷ್ಟ, ಸಿಹಿ) ಎಷ್ಟು ಗ್ರಾಂ ಇತ್ತು ಅಂತ ನಮಗೆ ಗೊತ್ತಿರಬೇಕು, ಅಷ್ಟೆ.

ಅದಕ್ಕೆ ಬೇಕಾದ್ದು ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಕಪ್ಪು, ಸೌಟು, ಮುಷ್ಟಿಯ ಲೆಕ್ಕ ಮೊದಲ ತಿಂಗಳು ಬೇಡ. ಒಬ್ಬರು ಒತ್ತಿ ತುಂಬಿದ ಕಪ್ಪಿಗೂ ಇನ್ನೊಬ್ಬರು ಉದುರಾಗಿ ತುಂಬಿದ ಕಪ್ಪಿಗೂ ಅನ್ನದಲ್ಲಿ ಐವತ್ತು ಗ್ರಾಂ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬ್ ಸುಮಾರು 78 ಗ್ರಾಂ, ರವೆಯಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64, ತೊಗರಿಬೇಳೆಯಲ್ಲಿ 55. ಇವೆಲ್ಲ ಹಸಿ ಪದಾರ್ಥದ ಲೆಕ್ಕ. ಬೆಂದ ಅನ್ನ ನೀರು ಕುಡಿದಿರುತ್ತದೆ, ಅದರಲ್ಲಿ ನೂರು ಗ್ರಾಂಗೆ 28ರ ಆಸುಪಾಸು. ಇದೊಂದನ್ನು ಅದಲುಬದಲು ಮಾಡಿದರೆ ಇನ್ಸುಲಿನ್ ಬೇಕಾದ್ದರ ಎರಡೂವರೆ ಪಟ್ಟಿಗೂ ಮೀರಿ ಹೋಗುತ್ತದೆ.

ಉದಾಹರಣೆಗೆ 20 ಕಿಲೋ ತೂಗುವ ಏಳು ವರ್ಷದ ಹುಡುಗಿ. ದಿನಕ್ಕೆ ಒಟ್ಟು 15 ಯೂನಿಟ್ ಇನ್ಸುಲಿನ್ (ಯೂನಿಟ್ ಎಂದರೆ ಇನ್ಸುಲಿನ್ನಿನ ಅಳತೆ). ಅದರಲ್ಲಿ ಸುಮಾರು ಅರ್ಧ ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್, ಉಳಿದದ್ದು ಊಟದ ಮುಂಚೆ ಕೊಡುವ, ಬೇಗ ಕೆಲಸ ಮಾಡುವ ಅಸ್ಪಾರ್ಟ್ ಅಥವಾ ಲಿಸ್‌ಪ್ರೊ. ಬೆಳಿಗ್ಗೆ 20 ಗ್ರಾಂ ಕಾರ್ಬಿಗೆ ಒಂದು ಯೂನಿಟ್, ಮಧ್ಯಾಹ್ನ ರಾತ್ರಿ 30 ಗ್ರಾಂಗೆ ಒಂದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ ಅಂದುಕೊಳ್ಳಿ. ಈ ಅಂಕಿಗಳು ಮಗುವಿನಿಂದ ಮಗುವಿಗೆ ಬೇರೆ. ನಿಮ್ಮ ಚೀಟಿಯಲ್ಲಿರುವುದೇ ನಿಮ್ಮ ಲೆಕ್ಕ.

ಬೆಳಿಗ್ಗೆ ಎದ್ದ ಕೂಡಲೇ ಗ್ಲುಕೋಮೀಟರಿನಲ್ಲಿ ರಕ್ತದ ಸಕ್ಕರೆ (ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ) ನೋಡಬೇಕು. ಬೆರಳನ್ನು ಸೋಪು ಹಚ್ಚಿ ತೊಳೆದು ಒರೆಸಿಯೇ ಚುಚ್ಚಬೇಕು. ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಿದರೆ 130 ಇದ್ದದ್ದು 250 ಅಂತ ತೋರಿಸಿದರೂ ಆಶ್ಚರ್ಯವಿಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆ: "ಎಷ್ಟು ಇಡ್ಲಿ ತಿಂತೀಯಾ ಪುಟ್ಟಾ?" ಚುಚ್ಚುವ ಮೊದಲೇ ಕೇಳಬೇಕು. 40 ಗ್ರಾಮಿನ ಒಂದು ಇಡ್ಲಿಯಲ್ಲಿ 9ರಿಂದ 10 ಗ್ರಾಂ ಕಾರ್ಬ್. ಆದರೆ ನಿಮ್ಮ ಮನೆಯ ತಟ್ಟೆಯ ಇಡ್ಲಿ 55 ಗ್ರಾಂ ತೂಗಬಹುದು, ಒಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಮೂರು ಇಡ್ಲಿಗೆ 28, ಹುರಿಗಡಲೆ ಹಾಕಿದ ಚಟ್ನಿಗೆ 3, ಸಕ್ಕರೆ ಹಾಕದ 150 ಮಿ.ಲೀ. ಹಾಲಿಗೆ 7. ಒಟ್ಟು 38, ಅಂದರೆ ಎರಡು ಯೂನಿಟ್. ಚುಚ್ಚಿ ಹದಿನೈದು ನಿಮಿಷ ಬಿಟ್ಟು ತಟ್ಟೆ ಇಡಬೇಕು. ಊಟವೇ ಮೊದಲು ರಕ್ತಕ್ಕಿಳಿದರೆ ಇನ್ಸುಲಿನ್ ಅದರ ಹಿಂದೆ ಓಡುತ್ತಾ ಇರುತ್ತದೆ. ತಿಂದ ಒಂದು ಗಂಟೆಗೆ 280, ಮೂರು ಗಂಟೆಗೆ 70 ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಎದ್ದಾಗಲೇ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮೊದಲು ಗ್ಲೂಕೋಸ್, ಆಮೇಲೆ ಉಳಿದದ್ದು.

ಮೂರು ಅಂದವಳು ಎರಡಕ್ಕೇ ಸಾಕು ಅಂದರೆ ಗದರಬೇಡಿ. ಹತ್ತು ಗ್ರಾಂ ಕಾರ್ಬ್ ಕಮ್ಮಿಯಾಯಿತು, ಅದನ್ನು ಅವಳು ಬೇಡ ಎನ್ನದ ರೂಪದಲ್ಲಿ ಒಳಗೆ ಕಳಿಸಬೇಕು, ಸಣ್ಣ ಏಲಕ್ಕಿ ಬಾಳೆ ಒಂದು ಸಾಕು. ನಾಲ್ಕನೆಯ ಇಡ್ಲಿ ಕೇಳಿದರೆ ಕೊಡಿ, ಅದಕ್ಕೆ ಅರ್ಧ ಯೂನಿಟ್. ಇನ್ನೊಂದು ಸೂಜಿ ಬೇಡ ಎಂದು ಅತ್ತರೆ ಮೊಟ್ಟೆ, ಪನೀರ್, ಸೌತೆಕಾಯಿ ಕೊಡಬಹುದು, ಅವುಗಳಲ್ಲಿ ಲೆಕ್ಕಕ್ಕೆ ಬರುವಷ್ಟು ಕಾರ್ಬ್ ಇಲ್ಲ. ಎಷ್ಟು ತಿನ್ನುತ್ತದೋ ದೇವರೇ ಬಲ್ಲ ಎನ್ನುವಂಥ ಎರಡು-ಮೂರು ವರ್ಷದ ಕೂಸಾದರೆ, ಗ್ಯಾರಂಟಿ ತಿನ್ನುವಷ್ಟಕ್ಕೆ ಊಟದ ಮುಂಚೆ, ಮಿಕ್ಕದ್ದಕ್ಕೆ ತಿಂದಮೇಲೆ ಎಂದು ಡೋಸನ್ನು ಎರಡು ಪಾಲು ಮಾಡಲು ಡಾಕ್ಟರೇ ಹೇಳುತ್ತಾರೆ.

ಸಿರಿಂಜಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನ ಕಾರ್ಟ್ರಿಜ್‌ನಲ್ಲಿರುವುದು 100 ಯೂನಿಟ್. ನೂರರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಪೆನ್ನು ಕೈಕೊಟ್ಟಿತು ಅಂತ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 4ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 10 ಯೂನಿಟ್. ಇಪ್ಪತ್ತು ಕಿಲೋ ಮಗುವಿಗೆ ಅದು ಆಸ್ಪತ್ರೆಗೆ ಓಡಬೇಕಾದ ವಿಷಯ. ಮೆಡಿಕಲ್ ಶಾಪಿನವರು ಕೊಟ್ಟದ್ದನ್ನು ಮನೆಗೆ ತರುವ ಮೊದಲು ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಓದಿ ನೋಡಿ.

ಮಧ್ಯಾಹ್ನಕ್ಕೆ ಮುದ್ದೆ. ಅನ್ನ ಬಿಡಿಸಿ ಮುದ್ದೆ ಕೊಟ್ಟರೆ ಶುಗರ್ ಏರಲ್ಲ ಎಂದು ಹೇಳದ ನೆಂಟರೇ ಇಲ್ಲ. ನಾರು, ಸುಣ್ಣದಂಶ (ಕ್ಯಾಲ್ಸಿಯಂ) ರಾಗಿಯಲ್ಲಿ ಧಾರಾಳವಾಗಿದೆ, ಅದು ಒಳ್ಳೆಯ ಧಾನ್ಯವೇ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಮುದ್ದೆಯ ಕಾರ್ಬ್ ರಕ್ತಕ್ಕೆ ಇಳಿದೇ ಇಳಿಯುತ್ತದೆ, ತೆಳ್ಳನೆಯ ಅಂಬಲಿಯದಂತೂ ಇನ್ನೂ ಬೇಗ. ಇನ್ಸುಲಿನ್ ಇಲ್ಲದೆ ಮುದ್ದೆಯೂ ಅಷ್ಟೆ, ಅನ್ನವೂ ಅಷ್ಟೆ.

ತೂಗುವ ಬಗೆ ಹೀಗೆ. ಖಾಲಿ ಪಾತ್ರೆಯ ತೂಕ ಬರೆದುಕೊಳ್ಳಿ. ಮನೆಮಂದಿಗೆಲ್ಲ 300 ಗ್ರಾಂ ಹಿಟ್ಟು ಹಾಕಿದರೆ ಕಾರ್ಬ್ 201 ಗ್ರಾಂ. ತಿರುವಿ ಇಳಿಸಿದಮೇಲೆ ಪಾತ್ರೆಯ ತೂಕ ಕಳೆದರೆ ಹಿಟ್ಟೂ ನೀರೂ ಸೇರಿ 840 ಗ್ರಾಂ ಬಂತು ಅನ್ನಿ. 201ನ್ನು 840ರಿಂದ ಭಾಗಿಸಿದರೆ ನೂರು ಗ್ರಾಂ ಮುದ್ದೆಗೆ 24. ತಕ್ಕಡಿಯ ಮೇಲೆ ತಟ್ಟೆಯಿಟ್ಟು ಸೊನ್ನೆ ಒತ್ತಿ, ಮಗುವಿನ ಪುಟ್ಟ ಮುದ್ದೆ ಇಡಿ: 125 ಗ್ರಾಂ, ಕಾರ್ಬ್ 30. ಮತ್ತೆ ಸೊನ್ನೆ ಒತ್ತಿ ಅನ್ನ: 60 ಗ್ರಾಂ, ಕಾರ್ಬ್ 17. ಬೇಳೆ ಹಾಕಿದ ಸೊಪ್ಪಿನ ಸಾರು ಒಂದು ಸೌಟಿಗೆ 6. ಒಟ್ಟು 53. ಮೂವತ್ತರಿಂದ ಭಾಗಿಸಿದರೆ ಒಂದೂಮುಕ್ಕಾಲು ಯೂನಿಟ್. ಅರ್ಧ ಯೂನಿಟ್ಟಿನ ಪೆನ್ನಿದ್ದರೆ, ಊಟಕ್ಕೆ ಮುಂಚೆ 90 ಇದ್ದಾಗ ಒಂದೂವರೆ, 180 ಇದ್ದಾಗ ಎರಡು. ಉಪ್ಪಿಟ್ಟು, ಬಿಸಿಬೇಳೆಬಾತ್, ಪಲಾವು ಎಲ್ಲಕ್ಕೂ ಇದೇ ಭಾಗಾಕಾರ. ನೀರು ಹೆಚ್ಚುಕಮ್ಮಿ ಆದ ದಿನ ತೂಕವೂ ಬದಲಾಗುವುದರಿಂದ ನಿನ್ನೆಯ 24ನ್ನು ಇವತ್ತಿಗೆ ಹಾಕಬಾರದು.

ಸರ್ಕಾರಿ ಆಸ್ಪತ್ರೆಯಿಂದ ರೆಗ್ಯುಲರ್ ಮತ್ತು ಎನ್‌ಪಿಎಚ್ ಎಂಬ ಹಳೇ ಬಗೆಯ ಇನ್ಸುಲಿನ್ ಕೊಟ್ಟು ಕಳಿಸಿದ ಮನೆಗಳಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಇನ್ಸುಲಿನ್ ಮೊದಲೇ ನಿಗದಿ, ಊಟ ಅದರ ಗಡಿಯಾರಕ್ಕೆ ಹೊಂದಬೇಕು. ರೆಗ್ಯುಲರನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಬೇಕು, ಅದರ ಜೋರು ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ. ಬೆಳಿಗ್ಗೆಯ ಎನ್‌ಪಿಎಚ್ ಮಧ್ಯಾಹ್ನದ ಸುತ್ತ ಜೋರಾಗುತ್ತದೆ, ರಾತ್ರಿಯದು ನಡುರಾತ್ರಿಗೆ. ಹಾಗಾಗಿ ಹನ್ನೊಂದು ಗಂಟೆಗೆ, ಸಂಜೆ ನಾಲ್ಕಕ್ಕೆ, ಮಲಗುವ ಮುಂಚೆ 10ರಿಂದ 15 ಗ್ರಾಂ ಕಾರ್ಬಿನ ತಿಂಡಿ ಕಡ್ಡಾಯ. ಹಸಿವಿಲ್ಲ ಅಂದರೂ ತಿನ್ನಿಸಲೇಬೇಕು, ಊಟವನ್ನು ಒಂದು ಗಂಟೆ ಮುಂದೂಡುವ ಹಾಗಿಲ್ಲ. ಮದುವೆಮನೆಯ ಪಂಕ್ತಿಗೆ ಕಾಯುವುದನ್ನಂತೂ ಮರೆತುಬಿಡಿ. ಈ ಪದ್ಧತಿಯನ್ನು ಕೀಳಾಗಿ ಕಾಣಬೇಕಿಲ್ಲ, ಇದರಲ್ಲೇ ಚೆನ್ನಾಗಿ ಬೆಳೆದ ಮಕ್ಕಳು ಬೇಕಾದಷ್ಟಿದ್ದಾರೆ. ಗಡಿಯಾರದ ಶಿಸ್ತು ಮಾತ್ರ ಬಿಡುವಂತಿಲ್ಲ.

ಸಂಜೆ ಆಟ. ಓಡಿ ಕುಣಿದರೆ ಸ್ನಾಯುಗಳು ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಆಟಕ್ಕೆ ಮುಂಚೆ 100ಕ್ಕಿಂತ ಕೆಳಗಿದ್ದರೆ ಹತ್ತು ಗ್ರಾಂ ಕಾರ್ಬ್ ತಿನ್ನಿಸಿಯೇ ಕಳಿಸಬೇಕು. ಲೋ ಆದಾಗ, ಅಂದರೆ ರಕ್ತದ ಸಕ್ಕರೆ ತೀರಾ ಇಳಿದಾಗ, ಮಗು ಹೇಳುತ್ತದೆ ಎಂದು ಕೂರಬೇಡಿ. ಬೆವರು, ನಡುಕ, ಮಂಕು, ಕೆಲವು ಮಕ್ಕಳಲ್ಲಿ ಕಾರಣವಿಲ್ಲದ ಹಠ, ಅಳು. ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ ಕಿಲೋಗೆ 0.3 ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಪುಡಿ, ನಮ್ಮ ಹುಡುಗಿಗೆ 6 ಗ್ರಾಂ. ಆ ಗಾಬರಿಯಲ್ಲಿ ತಕ್ಕಡಿ ಹುಡುಕಲಾಗದು. ಮೊದಲೇ ತೂಗಿ ಸಣ್ಣ ಪೊಟ್ಟಣ ಕಟ್ಟಿ ಸ್ಕೂಲ್ ಬ್ಯಾಗ್, ಸ್ಕೂಟರ್ ಡಿಕ್ಕಿ, ಹಾಸಿಗೆಯ ಪಕ್ಕ ಇಡಬೇಕು. ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಪೊಟ್ಟಣ. ಚಾಕೊಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆಹಿಡಿಯುತ್ತದೆ. ಹೆದರಿಕೆಗೆ ಜಾಮೂನು, ಜ್ಯೂಸು, ಬಿಸ್ಕತ್ತು ಒಟ್ಟಿಗೆ ತುರುಕಿದರೆ ರಾತ್ರಿ 350 ನೋಡಬೇಕಾಗುತ್ತದೆ. ಮಗುವಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಗ್ಲೂಕಗಾನ್ (ಸಕ್ಕರೆ ಏರಿಸುವ ಇಂಜೆಕ್ಷನ್) ಇದ್ದರೆ ಚುಚ್ಚಿ, ಆಸ್ಪತ್ರೆಗೆ.

ಸಿಹಿಯ ವಿಷಯಕ್ಕೆ ಜಗಳ ಬರುವುದು ಸಾಮಾನ್ಯವಾಗಿ ಅಜ್ಜಿಯ ಜೊತೆ. "ಬೆಲ್ಲ ಕಣೇ, ಸಕ್ಕರೆ ಅಲ್ಲ" ಎಂದು ಒಂದು ಅಚ್ಚು ಮುರಿದು ಕೊಟ್ಟಿರುತ್ತಾರೆ. ಲೆಕ್ಕಕ್ಕೆ ಬೆಲ್ಲ, ಜೇನು, ಸಕ್ಕರೆ ಒಂದೇ ಜಾತಿ. ಅಜ್ಜಿಯನ್ನು ಗದರುವುದಕ್ಕಿಂತ ತಕ್ಕಡಿ ಅವರ ಕೈಗೇ ಕೊಡುವುದು ಮೇಲು ಎಂಬುದು ನಮ್ಮ ಅನಿಸಿಕೆ. ಯುಗಾದಿಗೆ ಒಂದು ಹೋಳಿಗೆಯನ್ನು ತೂಗಿ, ಡೋಸ್ ಕೊಟ್ಟು, ಊಟದ ಜೊತೆಗೇ ತಿನ್ನಿಸಬಹುದು. ಕದ್ದು ತಿನ್ನುವ ಅಭ್ಯಾಸ ಬಿದ್ದರೆ ಯಾವ ಮೀಟರೂ ಉಪಯೋಗಕ್ಕೆ ಬರುವುದಿಲ್ಲ. 'ಶುಗರ್ ಫ್ರೀ' ಬಿಸ್ಕತ್ತಿಗೆ ದುಡ್ಡು ದಂಡ, ಅದರ ಮೈದಾ ಎಲ್ಲಿಗೂ ಹೋಗಿರುವುದಿಲ್ಲ. ಹಾಗಲಕಾಯಿ ಪಲ್ಯ ಮಾಡಿ, ಮೆಂತ್ಯ ದೋಸೆ ಹುಯ್ಯಿರಿ, ಅವು ಊಟ. ಅವನ್ನು ನಂಬಿ ಒಂದು ದಿನ ಇನ್ಸುಲಿನ್ ನಿಲ್ಲಿಸಿದರೂ ಕೀಟೋನ್ (ಇನ್ಸುಲಿನ್ ಇಲ್ಲದೆ ಮೈ ಕೊಬ್ಬು ಕರಗಿಸಿದಾಗ ಬರುವ ಆಮ್ಲ) ಏರಿ ಮಗು ಐಸಿಯುಗೆ ಹೋಗಬಹುದು.

ರಾತ್ರಿ ಪೂರಿ ಸಾಗು ಮಾಡಬೇಡಿ, ಮೊದಲ ದಿನವಂತೂ ಬೇಡವೇ ಬೇಡ. ಎಣ್ಣೆಯಿಂದಾಗಿ ಕಾರ್ಬ್ ತಡವಾಗಿ ರಕ್ತಕ್ಕೆ ಇಳಿಯುತ್ತದೆ. ಊಟವಾದ ಎರಡು ಗಂಟೆಗೆ 130 ನೋಡಿ ನೆಮ್ಮದಿಯಾಗಿ ಮಲಗಿದರೆ ನಡುರಾತ್ರಿ 300. ಚಪಾತಿ, ಪಲ್ಯ, ಮೊಸರು ಸಾಕು. ಏಳೂವರೆಗೆ ಊಟ ಮುಗಿದರೆ ಮಲಗುವ ಹೊತ್ತಿಗೆ ಚುಚ್ಚಿದ್ದರ ಬಹುಪಾಲು ಕೆಲಸ ಮುಗಿದಿರುತ್ತದೆ. ಆ ಇನ್ಸುಲಿನ್ ಮೂರ್ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅಷ್ಟರೊಳಗೆ ಜಾಸ್ತಿ ಕಂಡಿತು ಅಂತ ಮೇಲಿಂದ ಮೇಲೆ ಚುಚ್ಚಿದರೆ ಎಲ್ಲ ಒಟ್ಟಾಗಿ ನಡುರಾತ್ರಿ ಲೋ ಮಾಡುತ್ತವೆ. ಮೊದಲ ವಾರಗಳಲ್ಲಿ ರಾತ್ರಿ ಎರಡು-ಮೂರು ಗಂಟೆಗೆ ಎದ್ದು ಒಮ್ಮೆ ನೋಡುವುದು ತಪ್ಪದು.

ಡೋಸ್ ಕೊಟ್ಟಮೇಲೆ ಮಗು ವಾಂತಿ ಮಾಡಿಕೊಂಡರೆ ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಾ, ಅರ್ಧ ಗಂಟೆಗೊಮ್ಮೆ ನೋಡುತ್ತಾ ಡಾಕ್ಟರಿಗೆ ಫೋನ್ ಮಾಡಬೇಕು. 250ಕ್ಕಿಂತ ಮೇಲಿದ್ದು ವಾಂತಿ, ಹೊಟ್ಟೆನೋವು, ದೀರ್ಘ ಉಸಿರಾಟ ಇದ್ದರೆ ಮೂತ್ರದಲ್ಲಿ ಕೀಟೋನ್ ಪರೀಕ್ಷೆ, ತಡಮಾಡದೆ ಆಸ್ಪತ್ರೆ. ಜ್ವರ ಬಂದು ಊಟ ಬಿಟ್ಟರೂ ಗ್ಲಾರ್ಜಿನ್ ಬಿಡುವ ಹಾಗಿಲ್ಲ.

ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ: ಹೊತ್ತು, ಮೀಟರಿನ ಅಂಕಿ, ಕಾರ್ಬ್ ಗ್ರಾಂ, ಯೂನಿಟ್. ಪಕ್ಕದಲ್ಲಿ "ಕಬಡ್ಡಿ", "ಅರ್ಧ ಬಿಟ್ಟಳು" ಎಂದು ಎರಡು ಪದ. ಕೆಲವು ವಾರಗಳಲ್ಲಿ ಅದೇ ಮುದ್ದೆ, ಅದೇ ಡೋಸಿಗೆ ಪದೇ ಪದೇ ಲೋ ಬರಲು ಶುರುವಾಗಬಹುದು. ಉಳಿದಿರುವ ಸ್ವಲ್ಪ ಬೀಟಾ ಕೋಶಗಳು ಚೇತರಿಸಿಕೊಂಡು ಕೆಲಸಕ್ಕಿಳಿದಿವೆ ಎಂದರ್ಥ. ಕಾಯಿಲೆ ವಾಸಿಯಾಯಿತು ಎಂದು ಹರಕೆ ತೀರಿಸಲು ಹೊರಡುವ ಮನೆಗಳುಂಟು. ಕೆಲವು ತಿಂಗಳು, ಅಪರೂಪಕ್ಕೆ ವರ್ಷ ಕಳೆದಮೇಲೆ ಆ ಕೋಶಗಳೂ ನಿಲ್ಲುತ್ತವೆ. ಲೋ ಬಂದ ಸಾಲುಗಳಿಗೆ ಕೆಂಪು ಗೆರೆ ಎಳೆದು ಪುಸ್ತಕವನ್ನು ಡಾಕ್ಟರಿಗೆ ತೋರಿಸಿದರೆ 30 ಗ್ರಾಂಗೆ ಒಂದು ಯೂನಿಟ್ ಇದ್ದದ್ದನ್ನು 40ಕ್ಕೋ 50ಕ್ಕೋ ಒಂದು ಎಂದು ಇಳಿಸಿಕೊಡುತ್ತಾರೆ, ಗ್ಲಾರ್ಜಿನ್ನೂ ಸ್ವಲ್ಪ ಇಳಿಯುತ್ತದೆ, ನಿಲ್ಲುವುದಿಲ್ಲ.