ಆಯಿಯ ಬೆಳ್ಳಿ ರೂಪಾಯಿ ಕಟ್ಕೊಂಡು ಕಾರವಾರಕ್ಕೆ

ದೀಪಾವಳಿ ಮುಗಿದ ಶನಿವಾರ ಬೆಳಿಗ್ಗೆ ಶಿರಸಿಯಿಂದ ಬಸ್ ಹತ್ತಿದೆ. ಬ್ಯಾಗಲ್ಲಿ ಟವೆಲ್ ಸುತ್ತಿದ ಹಳೇ ಹಾರ್ಲಿಕ್ಸ್ ಬಾಟ್ಲಿ, ಅದ್ರೊಳಗೆ ಆಯಿಯ ಲಕ್ಷ್ಮೀಪೂಜೆಯ 22 ಬೆಳ್ಳಿ ರೂಪಾಯಿ, ಬೇರೆ ಕಾಗದದಲ್ಲಿ ಸುತ್ತಿದ್ದು ಇನ್ನೊಂದು. ನಮ್ಮ ಭಾವ ವಾಟ್ಸಾಪಲ್ಲಿ ಎಲ್ಲೋ ನೋಡಿ ವಿಕ್ಟೋರಿಯಾ ರಾಣಿ ಛಾಪಿನ ಒಂದೊಂದು ರೂಪಾಯಿಗೂ ಲಕ್ಷಗಟ್ಲೆ ಬರ್ತದೆ ಅಂತ ಹಬ್ಬದ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದ, ಅವತ್ತಿಂದ ಮನೇಲಿ ಯಾರಿಗೂ ಸಮಾಧಾನ ಇಲ್ಲ.

ದೇವಿಮನೆ ಘಟ್ಟದ ಪ್ರತಿ ತಿರುವಿಗೂ ಬಾಟ್ಲಿ ಝಣ್ ಝಣ್ ಅಂತಿತ್ತು, ಪಕ್ಕದವರು ಎರಡು ಸಲ ತಿರುಗಿ ನೋಡಿದ್ರು. ಕುಮಟಾದಲ್ಲಿ ಬಸ್ ಬದಲಿಸಿ, ಅಂಕೋಲಾದಲ್ಲಿ ಬನ್ಸು ಭಾಜಿ ತಿಂದು ಕಾರವಾರ ಮುಟ್ಟುವಾಗ ಹನ್ನೊಂದು ಗಂಟೆ. ಪೇಟೆ ಒಳಗೆ ಒಬ್ಬ ಶೇಟ್ರು, ಅಂಗಡಿ ಚಿನ್ನಬೆಳ್ಳಿದಾದ್ರೂ ಹುಚ್ಚೆಲ್ಲ ನಾಣ್ಯದ್ದು. ಬಾಟ್ಲಿ ನೋಡಿದ್ದೇ ಅವ್ರ ಮುಖ ಹುಳಿ ಹುಳಿ. "ಘಟ್ಟ ಇಳಿಸ್ಕೊಂಡು ಹೀಗೇ ತಂದ್ರಾ? ಒಂದಕ್ಕೊಂದು ಬಡ್ದು ಗೀರು ಬೀಳ್ತದಲ್ಲ ಮಾರಾಯ್ರೆ, ಒಂದೊಂದಕ್ಕೂ ಕಾಗದ ಸುತ್ತಬೇಕು."

ಮೊದಲು ಅಯಸ್ಕಾಂತ ಹಿಡಿದ್ರು, ಯಾವ್ದೂ ಅಂಟಲಿಲ್ಲ. ಆಮೇಲೆ ಒಂದೊಂದನ್ನೇ ಬೆರಳ ತುದಿ ಮೇಲೆ ಕೂರಿಸಿ ಇನ್ನೊಂದರಿಂದ ಮೆಲ್ಲಗೆ ಹೊಡೆದ್ರು, ಒಳ್ಳೆ ಬೆಳ್ಳಿ ಆದ್ರೆ ಸಣ್ಣ ಗಂಟೆ ಥರ ದನಿ ಎಳೀತದೆ, ಸೀಸ ಬೆರೆಸಿ ಎರಕ ಹೊಯ್ದಿದ್ದು ಟಕ್ ಅಂತ ಸುಮ್ಮನಾಗ್ತದೆ. ನಂತರ ತಕ್ಕಡಿ. 1835ರಿಂದ ರೂಪಾಯಿಗೆ 11.66 ಗ್ರಾಂ ತೂಕ, ಬೆಳ್ಳಿ 91.7 ಪರ್ಸೆಂಟ್, ಅಂದ್ರೆ ಕರಗಿಸಿದ್ರೆ ಹತ್ತಿರ ಹತ್ತಿರ 10.7 ಗ್ರಾಂ. ಆ 11.66 ಗ್ರಾಮೇ ಒಂದು ತೊಲ. ಶೇಟ್ರ ಅಜ್ಜ ಚಿನ್ನ ತೂಗೋಕೆ ಈ ರೂಪಾಯಿನೇ ಬಟ್ಟು ಮಾಡ್ಕೊಂಡಿದ್ರಂತೆ, ಒಂದು ಈಗ್ಲೂ ಗಲ್ಲಾ ಪೆಟ್ಟಿಗೆಯಲ್ಲಿದೆ. ನಮ್ಮವು ಕೆಲವು 11.4ಕ್ಕೆ ಇಳಿದಿದ್ವು, ಸವೆದದ್ದು.

ಬ್ರಿಟಿಷ್ ದೊರೆ ಆರನೇ ಜಾರ್ಜನ ಮುಖ ಇದ್ದ ಐದನ್ನ ತೂಗದೇ ಪಕ್ಕಕ್ಕೆ ಸರಿಸಿದ್ರು. 1940ರಿಂದ 45ರವರೆಗಿನವು, ಯುದ್ಧಕಾಲದ್ದು, ಅರ್ಧವೇ ಬೆಳ್ಳಿ. 1939 ಇದ್ಯಾ ಅಂತ ನಾನೇ ಕೇಳಿದೆ, ಅದು ಅಪರೂಪ ಅಂತ ಭಾವ ಹೇಳಿದ್ದ. ಶೇಟ್ರು ನಕ್ಕು, ಆ ಇಸವಿದು ಕೈಗೆ ಸಿಕ್ಕಿದ್ರೆ ಮೊದಲು ಖೋಟಾ ಅಂತ್ಲೇ ನೋಡ್ಬೇಕು ಅಂದ್ರು.

ಕಿರೀಟ ಇಲ್ಲದ ಏಳನೇ ಎಡ್ವರ್ಡ್ ದೊರೆಯವು ನಾಲ್ಕು, ಐದನೇ ಜಾರ್ಜ್ ಐದು. ಈ ಜಾರ್ಜನ ಕಥೆ ನಂಗೆ ಭಾರಿ ಖುಷಿ ಆಯ್ತು, 1911ರ ರೂಪಾಯಲ್ಲಿ ಅವನ ನಿಲುವಂಗಿ ಮೇಲಿನ ಆನೆ ಸೊಂಡಿಲು ಗಿಡ್ಡ ಆಗಿ ಹಂದಿ ಥರ ಕಂಡು ಜನ ಸಿಟ್ಟಾಗಿದ್ರು, ಮರುವರ್ಷ ಆನೆ ತಿದ್ದಿದ್ರು. ನಮ್ಮಲ್ಲಿ 1911 ಇರ್ಲಿಲ್ಲ ಬಿಡಿ. ಇದ್ದಿದ್ರೂ ಗೊತ್ತಾಗ್ತಿರಲಿಲ್ಲ, ಈ ಐದರಲ್ಲೂ ಆನೆ ಸವೆದು ಬರೀ ಗುಡ್ಡೆ. ಎತ್ತರದ ಜಾಗ ಮೊದಲು ಸವೆಯೋದು, ಹಾಗಾಗಿ ರಾಣಿದಾದ್ರೆ ಕೆನ್ನೆ, ಕಿವಿ ಮೇಲಿನ ಕೂದಲು, ಜಾರ್ಜಂದಾದ್ರೆ ಹುಬ್ಬು, ಕಿವಿ, ಆನೆ ನೋಡ್ಬೇಕು.

ರಾಣಿಯ ಎಂಟರಲ್ಲಿ ಎರಡು 1862. ಹಳೇದಲ್ವಾ ಅಂದೆ. ಆ ಇಸವಿ ಬದಲಿಸದೇ 1874ರವರೆಗೂ ಅಚ್ಚು ಹಾಕಿದ್ರಂತೆ, ಬಾಂಬೆ ಟಂಕಸಾಲೆಯವರು ವರ್ಷ ಗುರುತಿಗೆ ಚುಕ್ಕಿ ಇಡ್ತಿದ್ರು, ಚುಕ್ಕಿ ಎಣಿಸಿ ಬೆಲೆ. ಲೆನ್ಸ್ ಹಚ್ಚಿದ ಶೇಟ್ರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಯಾತರಲ್ಲಿ ತಿಕ್ತೀರಿ?"

ಹುಣಸೆಹಣ್ಣು, ಒಲೆಬೂದಿ. ನಲವತ್ತು ವರ್ಷದಿಂದ, ಪ್ರತಿ ದೀಪಾವಳಿ.

ಲೆನ್ಸ್ ನನ್ನ ಕೈಗೆ ಕೊಟ್ರು. ರಾಣಿ ಮುಖದ ತುಂಬ ಕೂದಲೆಳೆಯಂಥ ಗೀರು, ಚುಕ್ಕಿ ಇದ್ದಿರಬಹುದಾದ ಜಾಗ ನುಣ್ಣಗೆ. ಒಂದರ ನೆತ್ತಿ ಮೇಲೆ ಬೆಸುಗೆ ಕಲೆ ಬೇರೆ, ಯಾರೋ ಸರಕ್ಕೆ ಕೊಂಡಿ ಹಾಕಿಸಿದ್ರು. ಹೊಳೀತಿದೆಯಲ್ಲ ಅಂತ ಹೆಮ್ಮೆಪಡ್ತಿದ್ವಿ, ಸಂಗ್ರಹಕಾರರಿಗೆ ಆ ಹೊಳಪೇ ದೋಷ. ಎಲ್ಲಕ್ಕೂ ಬೆಳ್ಳಿ ರೇಟು, ಅಷ್ಟೇ.

ಕೊನೆಗೆ ಕಾಗದದ ಪೊಟ್ಟಣ. ಆಯಿ ಅದನ್ನ ಪೂಜೆಗೆ ಇಡ್ತಿರಲಿಲ್ಲ, ಮುಖ ನಮ್ಮ ರಾಣಿದಲ್ಲ, ಖೋಟಾ ಅಂತ. ಕಪ್ಪಗೆ, ಅಂಚಲ್ಲಿ ಒಂಚೂರು ನೀಲಿ. ಶೇಟ್ರು ಅಂಚು ಹಿಡಿದೇ ಎತ್ತಿದ್ರು, ಮುಖಕ್ಕೆ ಬೆರಳು ತಾಗಿಸಲಿಲ್ಲ. ಪೋರ್ಚುಗೀಸ್ ದೊರೆ ಲುಯಿಸನ ಗೋವಾ ರೂಪಾಯಿ, 1882. ತೂಕ, ಬೆಳ್ಳಿ ಎರಡೂ ಬ್ರಿಟಿಷ್ ರೂಪಾಯಿಯಷ್ಟೇ. ಲುಯಿಸನ ಕೂದಲು ಎಳೆ ಎಳೆಯಾಗಿ ಕಾಣ್ತಿತ್ತು. "ಇದೊಂದು ನಾಣ್ಯ" ಅಂದ್ರು, ಅದ್ರರ್ಥ ಉಳಿದ 22 ನಾಣ್ಯ ಅಲ್ಲ.

ಸಂಜೆ ಕಾಳಿ ನದಿ ಹತ್ರ ಹೋಗಿ ನಿಂತೆ. 2024ರ ಆಗಸ್ಟಲ್ಲಿ ಬಿದ್ದ ಹಳೇ ಸೇತುವೆ ಜಾಗ, ಆಚೆ ಸದಾಶಿವಗಡ, ಇನ್ನೂ ಮುಂದೆ ಗೋವಾ ಗಡಿ. ಲುಯಿಸಪ್ಪ ಈ ಹೊಳೆ ದಾಟಿಯೇ ಘಟ್ಟ ಹತ್ತಿದ್ನೋ ಏನೋ, ಅಡಿಕೆ ದುಡ್ಡಲ್ಲೋ ಮೀನಿನ ದುಡ್ಡಲ್ಲೋ.

ರಾತ್ರಿ ಮನೆಗೆ ಬಂದು ಎಲ್ಲ ಹೇಳಿದೆ. ಆಯಿ ಆ ಕರಿ ರೂಪಾಯಿನ ದೀಪಕ್ಕೆ ಹಿಡಿದು ನೋಡಿದ್ರು. "ಖೋಟಾ ಅಲ್ದಾ? ಹಂಗಾದ್ರೆ ಮುಂದಿನ ವರ್ಷ ಇದ್ನೂ ತಿಕ್ಕಿ ಪೂಜೆಗೆ ಇಡವು."

ಅದೀಗ ನನ್ನ ಆಫೀಸ್ ಡ್ರಾದಲ್ಲಿದೆ, ಬೀಗ ಹಾಕಿ.