ಗಡಿಯಾರದೊಳಗಿನ ಮಾಣಿಕ್ಯ

ಅಪ್ಪನ ಹಳೆಯ ಎಚ್‌ಎಂಟಿ ಗಡಿಯಾರಕ್ಕೆ ಕೀ ಕೊಡುವಾಗ ‘17 ಜ್ಯುವೆಲ್ಸ್’ ಎಂಬ ಬರಹ ಕಣ್ಣಿಗೆ ಬಿತ್ತು. ಗಡಿಯಾರಗಳ ಈ ಮಾಣಿಕ್ಯಗಳು ಗಣಿಯಿಂದ ಬಂದವಲ್ಲ, ಕಾರ್ಖಾನೆಯಲ್ಲಿ ಬೆಳೆಸಿದವು. ಫ್ರಾನ್ಸಿನ ಒಗ್ಯೂಸ್ತ್ ವೆರ್ನೋಯ್ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆಯ ಪುಡಿಗೆ ಚಿಟಿಕೆಯಷ್ಟು ಕ್ರೋಮಿಯಂ ಆಕ್ಸೈಡ್ ಬೆರೆಸಿ, ಆಮ್ಲಜನಕ ಮತ್ತು ಜಲಜನಕದ ಜ್ವಾಲೆಯ ಮೂಲಕ ಉದುರಿಸುತ್ತಾರೆ; ಸುಮಾರು 2050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಹನಿಗಳು ಒಂದರ ಮೇಲೊಂದು ಕೂತು, ಕೆಲವೇ ಗಂಟೆಗಳಲ್ಲಿ ಕೆಂಪು ಹರಳಾಗಿ ಬೆಳೆಯುತ್ತವೆ. ರಾಸಾಯನಿಕವಾಗಿ ಇದು ನವರತ್ನದ ಮಾಣಿಕ್ಯವೇ ಆದರೂ, ಉಂಗುರದಲ್ಲಿ ಧರಿಸಲು ಅಪ್ಪ ಒಪ್ಪುತ್ತಿರಲಿಲ್ಲವೆನ್ನಿ. ವಜ್ರದಂಥ ಕೆಲವೇ ವಸ್ತುಗಳಿಗೆ ಸೋಲುವಂಥ ಗಡಸುತನದಿಂದಾಗಿ, ಮಾಣಿಕ್ಯದ ರಂಧ್ರದಲ್ಲಿ ತಿರುಗುವ ಉಕ್ಕಿನ ಅಚ್ಚು ವರ್ಷಗಟ್ಟಲೆ ಸವೆಯುವುದಿಲ್ಲ. ಕ್ರೋಮಿಯಂ ಬೆರೆಸದೆ ಬೆಳೆಸಿದ ಬಣ್ಣರಹಿತ ಹರಳನ್ನು ತೆಳುವಾಗಿ ಕೊಯ್ದ ಬಿಲ್ಲೆಗಳ ಮೇಲೆಯೇ ಇಂದಿನ ಬಹುಪಾಲು ಎಲ್‌ಇಡಿ ದೀಪಗಳ ಚಿಪ್‌ಗಳು ರೂಪುಗೊಳ್ಳುತ್ತವೆ.